ಬೋರಲಿಟ್ಟ ಕೊಳಗ

“ಬುದ್ಧಿ, ಕೊಡುವವನ ಕೈಗೆ ಭಾರವೇ ಅನ್ನಿಸದಷ್ಟು ಸಣ್ಣ ತೆರಿಗೆ. ಅದನ್ನು ಕೊಡಲೊಲ್ಲೆವು ಎಂದು ಜನ ಅರಸೊತ್ತಿಗೆಯನ್ನೇ ಕೆಡವಲು ಹೊರಟರೆ, ಅದು ಧರ್ಮವೋ ಜಿಪುಣತನವೋ?”

ಹೀಗೆ ಕೇಳಿದವನು ಮಠದ ಶಿಷ್ಯ ಮರಿದೇವ. ಅವನು ಆಗಷ್ಟೇ ಪೇಟೆಯಿಂದ ಬಂದಿದ್ದ. ಪೇಟೆಯಲ್ಲಿ ಯಾರೋ ಇಬ್ಬರು ಇದೇ ಮಾತಿಗೆ ಕೈಕೈ ಮಿಲಾಯಿಸಿದ್ದನ್ನು ನೋಡಿ ಅವನ ತಲೆ ಬಿಸಿಯಾಗಿತ್ತು. ಗುರುಗಳು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹೆಸರುಕಾಳು ಆರಿಸುತ್ತಿದ್ದರು.

“ನಿನಗೇನು ಅನ್ನಿಸುತ್ತದೆ?” ಎಂದು ಕೇಳಿದರು.

“ಜಿಪುಣತನವೇ ಬುದ್ಧಿ. ಅದಕ್ಕೊಂದು ದೊಡ್ಡ ಹೆಸರು ಕೊಟ್ಟುಕೊಂಡಿದ್ದಾರೆ, ಅಷ್ಟೇ.”

“ಹಾಗಾದರೆ ಕೂತು ಕೇಳು. ನಡುವೆ ಬಾಯಿ ಹಾಕಬೇಡ. ಹಾಕುತ್ತೀಯ, ಅದು ನನಗೆ ಗೊತ್ತು. ಆದರೂ ಹೇಳುವುದು ನನ್ನ ಕೆಲಸ.”

ಮರಿದೇವ ಕೂತ. ಗುರುಗಳು ಹೇಳತೊಡಗಿದರು.

ಒಂದು ದೊಡ್ಡ ನಾಡಿತ್ತು. ಅಲ್ಲಿ ನೆಲ ಸಾಲದೆ ಕೆಲವರು ಹಡಗು ಹತ್ತಿದರು. ಕಡಲು ದಾಟಿ, ಇನ್ನೂ ಯಾರೂ ಉಳದ ಒಂದು ತೀರದಲ್ಲಿ ಇಳಿದು, ಪೊದೆ ಕಡಿದು, ಊರು ಕಟ್ಟಿದರು. ಬಿಟ್ಟುಬಂದ ನಾಡನ್ನು ತಾಯ್ನಾಡು ಎಂದರು. ನಿಂತ ನೆಲವನ್ನು ಹೊಸನೆಲ ಎಂದರು. ತಾಯ್ನಾಡಿನ ಅರಸನೇ ತಮಗೂ ಅರಸ ಎಂದು ಒಪ್ಪಿಕೊಂಡರು. ಅವನ ಹುಟ್ಟಿದ ದಿನಕ್ಕೆ ಪಾಯಸ ಮಾಡುತ್ತಿದ್ದರು. ಅವನು ಇವರ ಮುಖ ನೋಡಿರಲಿಲ್ಲ. ಇವರು ಅವನ ಮುಖವನ್ನು ನಾಣ್ಯದ ಮೇಲೆ ಮಾತ್ರ ನೋಡಿದ್ದರು. ಪ್ರೀತಿಗೆ ಅದು ಅಡ್ಡಿಯಾಗಲಿಲ್ಲ. ಇಷ್ಟು ದೂರ ಇದ್ದರೆ ಯಾರನ್ನು ಬೇಕಾದರೂ ಪ್ರೀತಿಸಬಹುದು.

ಹೊರಡುವಾಗ ಅವರು ಬೀಜ, ನೇಗಿಲು, ಮನೆದೇವರ ಜೊತೆಗೆ ಒಂದು ಪದ್ಧತಿಯನ್ನೂ ಕಟ್ಟಿಕೊಂಡು ಹೋಗಿದ್ದರು. ತೆರಿಗೆ ಎತ್ತುವ ಮೊದಲು ಊರ ಯಜಮಾನ ಕಾಳು ಅಳೆಯುವ ಕೊಳಗವನ್ನು ತಂದು ಸಭೆಯ ನಡುವೆ ಬೋರಲು ಇಡಬೇಕು. ಏತಕ್ಕೆ ಬೇಕು, ಎಷ್ಟು ಬೇಕು ಎಂದು ಹೇಳಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕು. ಸಭೆಯವರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ, ಜಗಳವಾಡುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ. ಒಪ್ಪಿಗೆಯಾದರೆ ಕೊಡುವವರಲ್ಲೇ ಒಬ್ಬ ಎದ್ದು ಬಂದು ಕೊಳಗವನ್ನು ಮಗುಚಿ ಬಾಯಿ ಮೇಲಾಗಿ ಇಡುತ್ತಾನೆ. ಆಮೇಲೆ ಅದರೊಳಗೆ ಕಾಳು ಬೀಳುತ್ತದೆ. ಒಪ್ಪಿಗೆಯಾಗದಿದ್ದರೆ ಕೊಳಗ ಬೋರಲಾಗಿಯೇ ಇರುತ್ತದೆ, ಯಜಮಾನ ಬಂದ ದಾರಿ ಹಿಡಿಯುತ್ತಾನೆ. ತೆಗೆದುಕೊಳ್ಳುವವನ ಕೈ ಕೊಳಗವನ್ನು ಮಗುಚಬಾರದು, ಕೊಡುವವನ ಕೈಯೇ ಮಗುಚಬೇಕು. ಕಟ್ಟಳೆ ಇಷ್ಟೇ.

ತಾಯ್ನಾಡಿನಲ್ಲೂ ಇದೇ ಪದ್ಧತಿ. ಅಲ್ಲಿ ಅರಸ ಬೋರಲಿಡುತ್ತಾನೆ, ಊರೂರಿನಿಂದ ಬಂದವರು ಕೂಡಿದ ಮಹಾಸಭೆ ಮಗುಚುತ್ತದೆ. ಹಿಂದೆ ಒಬ್ಬ ಅರಸ ಅವಸರಕ್ಕೆ ಬಿದ್ದು ತನ್ನ ಕೈಯಿಂದಲೇ ಮಗುಚಿ, ಅದೇ ಕಾರಣಕ್ಕೆ ಸಿಂಹಾಸನ ಕಳೆದುಕೊಂಡಿದ್ದನಂತೆ. ಹೊಸನೆಲದ ಅಜ್ಜಿಯರು ಮೊಮ್ಮಕ್ಕಳಿಗೆ ತುತ್ತು ಇಡುವಾಗ ಆ ಕತೆ ಹೇಳುತ್ತಿದ್ದರು. ಹಾಗಾಗಿ ಅಲ್ಲಿನ ಮಕ್ಕಳಿಗೆ ಅನ್ನ ಎಂದರೇನು ಎಂದು ತಿಳಿಯುವ ಹೊತ್ತಿಗೇ ಕೊಳಗ ಎಂದರೇನು ಎಂದೂ ತಿಳಿಯುತ್ತಿತ್ತು.

ಒಂದು ಸಲ ಕಡಲ್ಗಳ್ಳರು ಹೊಸನೆಲದ ಮೇಲೆ ಬಿದ್ದರು. ತಾಯ್ನಾಡು ಹಡಗುಗಳನ್ನು ಕಳಿಸಿ, ಕಾದಾಡಿ, ಅವರನ್ನು ಓಡಿಸಿತು. ಹೊಸನೆಲದವರೂ ಜೊತೆ ನಿಂತು ಹೊಡೆದಾಡಿದರು. ಗೆದ್ದರು, ಆದರೆ ತಾಯ್ನಾಡಿನ ಬೊಕ್ಕಸ ಬರಿದಾಯಿತು. ಮಹಾಸಭೆಯಲ್ಲಿ ಒಬ್ಬ ಎದ್ದು, “ಅವರಿಗಾಗಿ ತಾನೇ ಇಷ್ಟೆಲ್ಲ ಮಾಡಿದ್ದು? ಅವರೂ ಸ್ವಲ್ಪ ಕೊಡಲಿ” ಎಂದ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನೀನು ಅಲ್ಲಿದ್ದಿದ್ದರೆ ನೀನೂ ತಲೆಯಾಡಿಸುತ್ತಿದ್ದೆ. ಹೊಸನೆಲದ ಎಣ್ಣೆಗಾಣಗಳ ಮೇಲೆ ತೆರಿಗೆ ಬಿತ್ತು. ಗಾಣ ಸುತ್ತುವ ಎತ್ತು ಒಂದು ಹೊತ್ತಿಗೆ ತಿನ್ನುವ ಹುಲ್ಲಿನ ಬೆಲೆಯೂ ಇರಲಿಲ್ಲ ಅದು.

ತೆರಿಗೆ ಎತ್ತಲು ಒಬ್ಬ ಅಧಿಕಾರಿ ಹಡಗಿನಿಂದ ಇಳಿದ. ಒಳ್ಳೆಯ ಮನುಷ್ಯ, ಎಲ್ಲರಿಗೂ ಮೊದಲೇ ಕೈ ಮುಗಿಯುವವನು. ಅವನ ಕೈಯಲ್ಲಿ ಕೊಳಗವಿತ್ತು. ಅದು ಆಗಲೇ ಬಾಯಿ ಮೇಲಾಗಿತ್ತು.

ಒಬ್ಬ ಗಾಣಿಗ ಮುಂದೆ ಬಂದು ಕೇಳಿದ. “ಸ್ವಾಮಿ, ಇದನ್ನು ಮಗುಚಿದವರು ಯಾರು?”

“ಮಹಾಸಭೆ.”

“ಆ ಸಭೆಯಲ್ಲಿ ನಮ್ಮೂರಿನವರು ಯಾರೂ ಕೂತಿಲ್ಲವಲ್ಲ?”

ಅಧಿಕಾರಿ ಇದನ್ನು ಯೋಚಿಸಿಯೇ ಇರಲಿಲ್ಲ. ಬರೆದು ಕೇಳುತ್ತೇನೆ ಎಂದ. ಪತ್ರ ಹೋಯಿತು. ಮಳೆಗಾಲ ಪೂರ್ತಿ ಕಳೆದ ಮೇಲೆ ಹಡಗಿನಲ್ಲಿ ಉತ್ತರ ಬಂತು. ಒಂದೇ ಸಾಲು: “ನಿಮ್ಮ ಪರವಾಗಿ ನಾವೇ ಮಗುಚಿದ್ದೇವೆ.”

ಅಯ್ಯೋ, ಆ ಸಾಲು ಹೊಸನೆಲದಲ್ಲಿ ಎಬ್ಬಿಸಿದ ಗದ್ದಲವನ್ನು ಏನೆಂದು ಹೇಳಲಿ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಗು ಬಂದದ್ದೇ ಮಹಾಸಭೆಗೆ ಕೆಟ್ಟದ್ದಾಯಿತು. ಪೇಟೆಯಲ್ಲಿ ಒಬ್ಬ ಇನ್ನೊಬ್ಬನ ಬುತ್ತಿ ಬಿಚ್ಚಿ ತಿಂದು, “ನಿನ್ನ ಪರವಾಗಿ ನಾನೇ ಉಂಡಿದ್ದೇನೆ” ಎನ್ನುತ್ತಿದ್ದ. ಸೊಸೆ ಅತ್ತೆಗೆ, “ನಿಮ್ಮ ಪರವಾಗಿ ನಾನೇ ನಿದ್ದೆ ಮಾಡಿದೆ, ನೀವು ಎದ್ದು ಕಸ ಗುಡಿಸಿ” ಎನ್ನುತ್ತಿದ್ದಳು. ಅಧಿಕಾರಿ ಬೀದಿಗೆ ಬಂದರೆ ಮಕ್ಕಳು ಅವನ ಹಿಂದೆ ನಡೆಯುತ್ತ, ಅವನ ಪರವಾಗಿ ತಾವೇ ಕೆಮ್ಮುತ್ತಿದ್ದರು.

ಗಾಣಿಗರು ಎತ್ತುಗಳ ಕೊರಳ ಹಗ್ಗ ಬಿಚ್ಚಿದರು. ಗಾಣ ತಿರುಗದಿದ್ದರೆ ಗಾಣದ ಮೇಲೆ ತೆರಿಗೆ ಎಲ್ಲಿಂದ? ಊರೆಲ್ಲ ಒಗ್ಗರಣೆ ಇಲ್ಲದ ಸಾರು ಉಣ್ಣತೊಡಗಿತು. ಉಂಡು ನೋಡು, ಆಗ ಗೊತ್ತಾಗುತ್ತದೆ. ಅದು ಹಸಿವೆಗಿಂತ ಕಷ್ಟ. ಯಾರ ಮನೆಯಿಂದಾದರೂ ಸಾಸಿವೆ ಸಿಡಿದ ವಾಸನೆ ಬಂದರೆ ಬೀದಿಯವರು ಹೋಗಿ ಬಾಗಿಲು ತಟ್ಟುತ್ತಿದ್ದರು. ವ್ಯಾಪಾರಿಗಳು ತಾಯ್ನಾಡಿನಿಂದ ಏನನ್ನೂ ತರಿಸುವುದಿಲ್ಲ ಎಂದು ಆಣೆಯಿಟ್ಟರು. ತಾಯ್ನಾಡಿನ ನೇಕಾರರ ಬಟ್ಟೆ ಮಗ್ಗದ ಪಕ್ಕದಲ್ಲೇ ರಾಶಿ ಬಿತ್ತು. ಅವರು ಹೋಗಿ ಮಹಾಸಭೆಯ ಬಾಗಿಲಲ್ಲಿ ಕೂಗಾಡಿದರು. ಮಹಾಸಭೆ ತೆರಿಗೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಆ ಸುದ್ದಿ ತಂದ ಹಡಗಿನಲ್ಲಿ ಒಂದು ಉಡುಗೊರೆಯೂ ಬಂತು. ಬೆಳ್ಳಿಯ ಕೊಳಗ, ಒಬ್ಬ ಮನುಷ್ಯ ತಬ್ಬಿಕೊಳ್ಳುವಷ್ಟು ದೊಡ್ಡದು. ಜೊತೆಗೆ ಒಂದು ಓಲೆ. ತಾಯ್ನಾಡಿಗೆ ಹೊಸನೆಲದ ಮೇಲೆ ಪ್ರೀತಿ ಇದೆ ಎಂದು ಅದರ ಮೊದಲಿಗೆ ಬರೆದಿತ್ತು. ಹೊಸನೆಲದ ಎಲ್ಲ ವಿಷಯಗಳಲ್ಲೂ ಮಹಾಸಭೆಗೆ ಅಧಿಕಾರವಿದೆ ಎಂದು ಅದರ ಕೊನೆಗೆ ಬರೆದಿತ್ತು. ಬಂದರಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಮೊದಲ ಸಾಲು ಮುಗಿಯುವ ಹೊತ್ತಿಗೇ ಡೊಳ್ಳು ಶುರುವಾಗಿತ್ತು. ಕೊನೆಯ ಸಾಲು ಯಾರಿಗೂ ಕೇಳಿಸಲಿಲ್ಲ.

ಆ ಬಂದರಿನ ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಗಾಣದ ತೆರಿಗೆಯ ವಿರುದ್ಧ ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ಅವನು ಸಂತೋಷದ ಭರದಲ್ಲಿ ಸ್ವಂತ ಖರ್ಚಿನಿಂದ ಬಂದರಿನ ಬಾಯಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿದ. ಬಂದರಿನ ಹಮಾಲರು ಬೆಳ್ಳಿಯ ಕೊಳಗವನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದರು. ಕಟ್ಟೆಯ ಮೇಲೆ ಇಟ್ಟು, ಯಾರೂ ಕದ್ದೊಯ್ಯದಂತೆ ಬುಡಕ್ಕೆ ಸೀಸ ಕಾಯಿಸಿ ಹೊಯ್ದರು. ದಿನವೂ ಹೂ ಹಾಕಲು ಅನುಕೂಲವಾಗಲಿ ಎಂದು ಬಾಯಿ ಮೇಲೆ ಮಾಡಿಯೇ ಇಟ್ಟರು. ಪೂಜೆ ಆಯಿತು, ಚರುಪು ಹಂಚಿದ್ದಾಯಿತು. ಊರೆಲ್ಲ ಒಗ್ಗರಣೆ ಹಾಕಿದ ಸಾರು ಉಂಡು ಮಲಗಿತು.

“ಬುದ್ಧಿ,” ಎಂದ ಮರಿದೇವ, “ಬಾಯಿ ಮೇಲೆ ಮಾಡಿ ಇಟ್ಟರೇ?”

ನಿನಗೆ ಹೊಳೆಯಿತು. ಅವರಿಗೆ ಹೊಳೆಯಲಿಲ್ಲ. ನೀನು ಕತೆ ಕೇಳುತ್ತಿದ್ದೀಯ, ಅವರು ಗೆದ್ದಿದ್ದರು. ಗೆದ್ದವರ ಕಣ್ಣು ಅಷ್ಟು ಚುರುಕಾಗಿರುವುದಿಲ್ಲ. ಮುಂದೆ ಕೇಳು.

ಹೊಸನೆಲದಲ್ಲಿ ಕಬ್ಬು ಬೆಳೆಯುತ್ತಿರಲಿಲ್ಲ. ಬೆಲ್ಲ ಹಡಗಿನಲ್ಲೇ ಬರಬೇಕು. ಹಬ್ಬ ಹತ್ತಿರವಾಗಿತ್ತು. ನಮ್ಮ ವ್ಯಾಪಾರಿ ಮನೆ ಅಡವಿಟ್ಟು, ಹೆಂಡತಿಯ ಬಳೆ ಮಾರಿ, ಒಂದು ಹಡಗಿನ ತುಂಬ ಬೆಲ್ಲ ತರಿಸಿದ. ಇಷ್ಟು ದೊಡ್ಡ ಸರಕಿಗೆ ಅವನು ಕೈ ಹಾಕಲು ಕಾರಣವಿತ್ತು. ತಾಯ್ನಾಡಿನ ಉಗ್ರಾಣಗಳಲ್ಲಿ ಬೆಲ್ಲ ಕರಗುವ ಸ್ಥಿತಿಗೆ ಬಂದಿತ್ತು. ಅದು ಹೇಗಾದರೂ ಸಾಗಲಿ ಎಂದು ಮಹಾಸಭೆ ಅಲ್ಲಿನ ಸುಂಕವನ್ನೆಲ್ಲ ತೆಗೆದುಹಾಕಿತ್ತು. ಅಜ್ಜನ ಕಾಲದಿಂದಲೂ ಹೊಸನೆಲದವರು ಇಷ್ಟು ಅಗ್ಗದ ಬೆಲ್ಲವನ್ನು ಕಂಡಿರಲಿಲ್ಲ.

ಹಡಗು ಬಂದು ನಿಂತಿತು. ಗಾಳಿಗೆ ಬೆಲ್ಲದ ವಾಸನೆ ಊರೊಳಗೆ ಹೊಕ್ಕಿತು. ಮಕ್ಕಳು ಓಡಿಬಂದರು. ಮಕ್ಕಳ ನೆಪ ಮಾಡಿಕೊಂಡು ದೊಡ್ಡವರೂ ಬಂದರು. ಆಗ ಅಧಿಕಾರಿ ಎಲ್ಲರಿಗೂ ಕೈ ಮುಗಿದು ಹೇಳಿದ. “ಈ ಬೆಲ್ಲದ ಮೇಲೆ ಒಂದು ಚಿಟಿಕೆಯಷ್ಟು ತೆರಿಗೆ ಇದೆ. ಮೊದಲ ಮೂಟೆ ದಡ ಮುಟ್ಟಿದ ಕೂಡಲೇ ವ್ಯಾಪಾರಿ ಅದನ್ನು ಕಟ್ಟಬೇಕು. ತೆರಿಗೆ ಸೇರಿಯೂ ಬೆಲ್ಲ ಹೋದ ವರ್ಷಕ್ಕಿಂತ ಅಗ್ಗ. ಇದರಲ್ಲಿ ಯಾರಿಗೂ ನಷ್ಟವಿಲ್ಲ.”

“ಕೊಳಗ ಎಲ್ಲಿ?” ಎಂದು ಗಾಣಿಗ ಕೂಗಿದ. “ನಮ್ಮ ಮುಂದೆ ಬೋರಲಿಟ್ಟು ಕೇಳಿ. ಮಗುಚುವುದೋ ಬಿಡುವುದೋ ನಾವು ನೋಡುತ್ತೇವೆ.”

ಅಧಿಕಾರಿ ಬಂದರಿನ ಬಾಯಿಯ ಕಡೆಗೆ ಕೈ ತೋರಿಸಿದ. “ಅಲ್ಲಿದೆಯಲ್ಲ. ಬಾಯಿ ಮೇಲಾಗಿಯೇ ಇದೆ. ನೀವೇ ಕೂರಿಸಿದ್ದೀರಿ, ನೀವೇ ಸೀಸ ಹೊಯ್ದಿದ್ದೀರಿ. ಬೆಳಿಗ್ಗೆ ಹೂ ಹಾಕಿದವರೂ ನೀವೇ. ಇನ್ನು ಪ್ರತಿ ಸಲ ಕೇಳುವುದು ಏನಿದೆ?”

ಜನ ತಿರುಗಿ ನೋಡಿದರು. ಬೆಳ್ಳಿಯ ಕೊಳಗ ಬಿಸಿಲಿಗೆ ಹೊಳೆಯುತ್ತಿತ್ತು. ಅದರೊಳಗೆ ಅವತ್ತಿನ ದಾಸವಾಳ ಇತ್ತು. ಯಾರೋ ಇಬ್ಬರು ಹೋಗಿ ಅದನ್ನು ಬೋರಲು ಮಾಡಲು ನೋಡಿದರು. ಅದು ಜಗ್ಗಲಿಲ್ಲ. ಕಟ್ಟೆ ಕಟ್ಟಿಸಿದ ವ್ಯಾಪಾರಿಯ ಕಿವಿಗಳು ಕೆಂಪಾದವು. ಊರ ಜನ ಅವನ ಮೇಲೆ ಸಿಟ್ಟಾಗಲಿಲ್ಲ, ಎಲ್ಲರೂ ಸೇರಿಯೇ ಡೊಳ್ಳು ಬಾರಿಸಿದ್ದರು. ಆದರೆ ಅವನಿಗೆ ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ.

ಅಧಿಕಾರಿ ಇನ್ನೊಂದು ಮಾತು ಹೇಳಿದ. ಹಡಗು ಬೆಲ್ಲದೊಂದಿಗೆ ಹಿಂದಿರುಗಲು ತಾನು ಅಪ್ಪಣೆ ಕೊಡುವುದಿಲ್ಲ. ನಾಳೆ ಸಂಜೆಯೊಳಗೆ ಬೆಲ್ಲ ಇಳಿಯದಿದ್ದರೆ ಸಿಪಾಯಿಗಳೇ ಇಳಿಸಿ, ಮಾರಿ, ತೆರಿಗೆ ಮುರಿದುಕೊಂಡು ಉಳಿದದ್ದನ್ನು ವ್ಯಾಪಾರಿಗೆ ಕೊಡುತ್ತಾರೆ. ಅಂದರೆ ಇಳಿಸಿದರೂ ತೆರಿಗೆ ಸಂದಂತೆ, ಇಳಿಸದಿದ್ದರೂ ಸಂದಂತೆ. ಒಂದು ಸಲ ಸಂದರೆ ಆಯಿತು, ಬೋರಲಿಟ್ಟು ಕೇಳುವ ಪದ್ಧತಿ ಹೊಸನೆಲದಲ್ಲಿ ಅಂದಿಗೇ ಸತ್ತಂತೆ. ಊರಿಗೆ ಇದು ಗೊತ್ತಿತ್ತು. ಅಧಿಕಾರಿಗೂ ಗೊತ್ತಿತ್ತು.

ಮರುದಿನ ಬೆಳಕು ಹರಿಯುತ್ತಲೇ ಇಡೀ ಊರು ಬಂದರಿನಲ್ಲಿತ್ತು. ಹಬ್ಬ ಬಂತಲ್ಲ, ಇದೊಂದು ಸಲ ತಗೊಂಡುಬಿಡೋಣ ಎಂದು ಮೆಲ್ಲಗೆ ಅಂದವರೂ ಇದ್ದರು. ಸುಳ್ಳು ಹೇಳಲಾರೆ. ಬೆಲ್ಲದ ವಾಸನೆಯ ನಡುವೆ ನಿಂತು ಬೇಡ ಅನ್ನುವುದು ಸುಲಭವಲ್ಲ.

ಆ ಬಂದರಿನ ಹಮಾಲರಿಗೆ ಒಂದು ಕ್ರಮವಿತ್ತು. ಹಡಗಿನ ಸರಕಿನ ಮೊದಲ ಮೂಟೆಯನ್ನು ಅವರ ಮೇಸ್ತ್ರಿಯೇ ತಲೆಯ ಮೇಲೆ ಹೊರಬೇಕು. ಅವನು ಹೊರುವವರೆಗೆ ಉಳಿದವರು ಯಾರೂ ಮುಟ್ಟುವುದಿಲ್ಲ. ಅವತ್ತು ಮೇಸ್ತ್ರಿ ಹಡಗಿನವರೆಗೆ ನಡೆದುಬಂದ. ತಲೆಯ ಮೇಲಿನ ಬಟ್ಟೆಯ ಸಿಂಬಿಯನ್ನು ತೆಗೆದು ನೆಲದ ಮೇಲಿಟ್ಟ. ಅದರ ಮೇಲೆ ಕೂತುಬಿಟ್ಟ. ಅವನ ಹಿಂದೆ ಎಲ್ಲ ಹಮಾಲರೂ ಸಿಂಬಿ ತೆಗೆದು ಕೂತರು. ಅಧಿಕಾರಿ ದುಪ್ಪಟ್ಟು ಕೂಲಿ ಎಂದ, ಆಮೇಲೆ ಅದಕ್ಕೂ ಹೆಚ್ಚು ಎಂದ. ಯಾರೂ ಏಳಲಿಲ್ಲ. ದುಡಿದ ದಿನ ಮಾತ್ರ ಉಣ್ಣುವ ಜನ ಅವರು.

ವ್ಯಾಪಾರಿ ಮೇಸ್ತ್ರಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. “ಮೇಸ್ತ್ರಿ, ತೆರಿಗೆ ಬಿದ್ದಿರುವುದು ನನ್ನ ಬೆಲ್ಲದ ಮೇಲೆ. ನಿಮ್ಮ ಮೇಲಲ್ಲ. ನೀವೇಕೆ ಕೂಲಿ ಕಳೆದುಕೊಳ್ಳುತ್ತೀರಿ?”

“ಊರಿನವರನ್ನು ಕೇಳದೆ ತಗೋತಾರಂತಲ್ಲ ಧಣಿ. ಹಾಗಂದಮೇಲೆ ನಾವೂ ಊರಿನವರೇ ಅಲ್ಲವೇ?”

ವ್ಯಾಪಾರಿ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡು, “ಹೌದು, ಹೌದು” ಎಂದ. ಎಲ್ಲರಿಗೂ ಕೇಳುವಂತೆ ಹೇಳಿದ. ಅಲ್ಲಿ ನಿಂತವರೆಲ್ಲ ಅದಕ್ಕೆ ಸಾಕ್ಷಿ.

ಆಮೇಲೆ ವ್ಯಾಪಾರಿ ಎದ್ದು ನಿಂತ. ಹಡಗನ್ನು ನೋಡಿದ. ಅದರೊಳಗೆ ಅವನ ಮನೆ ಇತ್ತು, ಹೆಂಡತಿಯ ಬಳೆ ಇತ್ತು. ಗುಂಪಿನಲ್ಲಿ ಹೆಂಡತಿಯನ್ನು ಹುಡುಕಿದ. ಅವಳು ಬರಿಗೈಗಳನ್ನು ಎದೆಯ ಮೇಲೆ ಕಟ್ಟಿ ನಿಂತಿದ್ದಳು. “ನನ್ನ ಮುಖ ಏನು ನೋಡುತ್ತೀರಿ, ಹೊತ್ತು ಏರುತ್ತಿದೆ” ಎಂದಳು.

“ಮೇಸ್ತ್ರಿ, ಎತ್ತಿಸು,” ಎಂದ ವ್ಯಾಪಾರಿ. “ದಡದ ಕಡೆಗಲ್ಲ. ಆ ಕಡೆಗೆ.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಬಂದರು ಬಂದರೇ ಕೂಗಿತು. ಮೇಸ್ತ್ರಿ ಸಿಂಬಿಯನ್ನು ತಲೆಗೆ ಸುತ್ತಿ ಹಡಗಿಗೆ ಹಾರಿದ. ಮೊದಲ ಮೂಟೆಯನ್ನು ಅವನೇ ಹೊತ್ತು, ಹಡಗಿನ ಆಚೆಯ ಅಂಚಿಗೆ ನಡೆದು, ಕಡಲಿಗೆ ಕೆಡವಿದ. ಅವನ ಹಿಂದೆ ಸಾಲು ಹಿಡಿಯಿತು. ಒಬ್ಬ ಎತ್ತಿಕೊಡುವುದು, ಒಬ್ಬ ಹೊರುವುದು, ಒಬ್ಬ ಎಸೆಯುವುದು. ದಿನವೂ ಮಾಡುವ ಕೆಲಸವೇ, ದಿಕ್ಕು ಮಾತ್ರ ಬೇರೆ. ಹಮಾಲರ ಹಾಡು ಶುರುವಾಯಿತು. ದಡದಲ್ಲಿದ್ದವರು ಅದಕ್ಕೆ ದನಿಗೂಡಿಸಿದರು. ಗಾಣಿಗರು ಹತ್ತಿದರು, ಅಂಗಡಿಯವರು ಹತ್ತಿದರು, ಹುಟ್ಟಿದಾಗಿನಿಂದ ಒಂದು ಕೊಡ ನೀರು ಹೊರದವರೂ ಮೂಟೆಗೆ ಹೆಗಲು ಕೊಟ್ಟರು. ಮೂಟೆ ಬಿದ್ದಾಗಲೆಲ್ಲ ನೀರು ಮೇಲಕ್ಕೆ ಚಿಮ್ಮುತ್ತಿತ್ತು, ಜನ ಹೋ ಎನ್ನುತ್ತಿದ್ದರು. ವ್ಯಾಪಾರಿ ನಗುತ್ತಿದ್ದ. ಕಣ್ಣಲ್ಲಿ ನೀರೂ ಬರುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಹಡಗಿನ ಬೇರೆ ಯಾವ ಸಾಮಾನನ್ನೂ ಯಾರೂ ಮುಟ್ಟಲಿಲ್ಲ. ಒಬ್ಬ ಹಮಾಲ ಮಾತ್ರ ಬೆರಳಿಗೆ ಅಂಟಿದ್ದ ಬೆಲ್ಲವನ್ನು ತಿಳಿಯದೆ ನೆಕ್ಕಿಬಿಟ್ಟ. ಎಲ್ಲರೂ ಅವನನ್ನೇ ನೋಡಿದರು. ಅವನು ಹಗ್ಗಕ್ಕೆ ಕಟ್ಟಿದ ಬಾಲ್ದಿಯಲ್ಲಿ ಕಡಲ ನೀರು ಸೇದಿ, ಎಲ್ಲರ ಮುಂದೆ ಬಾಯಿ ಮುಕ್ಕಳಿಸಿ ಉಗಿದ. ಅವನಿಗೂ ಒಂದು ಹೋ ಸಿಕ್ಕಿತು.

ಸಿಪಾಯಿಗಳು ಬಂದೂಕು ಹಿಡಿದು ನಿಂತೇ ಇದ್ದರು. ಯಾರಿಗೆ ಗುರಿ ಇಡುವುದು? ತನ್ನದೇ ಬೆಲ್ಲವನ್ನು ಎಸೆಯುವವನಿಗೋ? ಮೂಟೆ ದಡ ಮುಟ್ಟಿರಲಿಲ್ಲ, ತೆರಿಗೆ ಹುಟ್ಟಿರಲಿಲ್ಲ. ಅಧಿಕಾರಿ ಕೈ ಮುಗಿಯುವುದನ್ನೂ ಮರೆತಿದ್ದ. ಹೊತ್ತು ನೆತ್ತಿಗೆ ಬರುವ ಮೊದಲೇ ಹಡಗು ಬರಿದಾಯಿತು.

ಅಲ್ಲಿಂದ ಜನ ನೇರವಾಗಿ ಕಟ್ಟೆಗೆ ಹೋದರು. ಸೀಸವನ್ನು ಉಳಿಯಿಂದ ಬಿಡಿಸಿದರು. ಬೆಳ್ಳಿಯ ಕೊಳಗವನ್ನು ಎತ್ತಿ, ಹೂ ಸುರಿದು, ಬೋರಲು ಹಾಕಿದರು. ಆ ಹಬ್ಬಕ್ಕೆ ಹೊಸನೆಲದಲ್ಲಿ ಯಾರ ಮನೆಯಲ್ಲೂ ಸಿಹಿ ಇರಲಿಲ್ಲ. ಅಂಥ ಹಬ್ಬವನ್ನು ಅವರು ಮತ್ತೆಂದೂ ಮಾಡಲಿಲ್ಲವಂತೆ.

ಸುದ್ದಿ ತಾಯ್ನಾಡಿಗೆ ಮುಟ್ಟಿತು. ಮಹಾಸಭೆ ಕೆರಳಿತು. ಬಂದರಿಗೆ ಬೀಗ ಹಾಕಿ ಎಂದಿತು. ಹೊಸನೆಲದಲ್ಲಿ ಇನ್ನು ಯಾರೂ ಸಭೆ ಸೇರಕೂಡದು ಎಂದಿತು. ಸಿಪಾಯಿಗಳನ್ನು ತುಂಬಿದ ಹಡಗುಗಳನ್ನು ಹೊರಡಿಸಿತು. ಹೊಸನೆಲದ ಉಳಿದ ಊರುಗಳು ಸುಮ್ಮನೆ ಕೂರಲಿಲ್ಲ. ಗಾಡಿ ಗಾಡಿ ಅಕ್ಕಿ ಕಳಿಸಿದವು, ಆಳುಗಳನ್ನು ಕಳಿಸಿದವು. ಸೇರಕೂಡದು ಎಂದ ಸಭೆ ಹಾಡುಹಗಲಲ್ಲಿ ಸೇರಿತು. ಇನ್ನು ಮೇಲೆ ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು.

“ಧರ್ಮವೇ ಬುದ್ಧಿ, ಧರ್ಮವೇ,” ಎನ್ನುತ್ತ ಮರಿದೇವ ಎದ್ದೇಬಿಟ್ಟ. ಅವನ ಕಾಲು ತಗುಲಿ ಮೊರ ಉರುಳಿತು. ಹೆಸರುಕಾಳು ಜಗಲಿಯ ತುಂಬ ಚೆಲ್ಲಿತು. ಅದು ಅವನ ಗಮನಕ್ಕೇ ಬರಲಿಲ್ಲ. “ಅದು ಚಿಟಿಕೆ ತೆರಿಗೆಯ ಮಾತಲ್ಲ. ಕೇಳದೆ ತೆಗೆದುಕೊಳ್ಳುವವನ ಕೈ ಹಿಡಿದು ನಿಲ್ಲಿಸಿದ ಮಾತು. ನಾನು ಅಲ್ಲಿದ್ದಿದ್ದರೆ ನಾನೂ ಮೂಟೆ ಹೊರುತ್ತಿದ್ದೆ. ಜಿಪುಣತನ ಎಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ.”

“ಮೂಟೆ ಆಮೇಲೆ ಹೊರುವೆಯಂತೆ. ಮೊದಲು ಕಾಳು ಎತ್ತು,” ಎಂದರು ಗುರುಗಳು. “ಕತೆ ಮುಗಿಯಿತು ಎಂದು ನಾನು ಹೇಳಿದೆನೇ?”

ಮರಿದೇವ ಮೊಣಕಾಲೂರಿ ಕಾಳು ಬಳಿಯತೊಡಗಿದ. ಅವನ ಮುಖ ಇನ್ನೂ ಅರಳಿಯೇ ಇತ್ತು. ಗುರುಗಳು ಮುಂದುವರಿಸಿದರು.

ತಾಯ್ನಾಡಿನ ಹಡಗುಗಳು ಬರುವ ಮೊದಲು ಬಂದರಿಗೆ ಒಂದು ಕೋಟೆಗೋಡೆ ಬೇಕಿತ್ತು. ಗುಡ್ಡದಿಂದ ಕಲ್ಲು ತರಬೇಕು. ಸ್ವತಂತ್ರರಾದವರ ಮೊದಲ ಸಭೆ ಅದೇ ವಿಷಯಕ್ಕೆ ಕೂಡಿತು. ಸ್ವಂತ ಮನೆ, ಸ್ವಂತ ನೆಲ ಇರುವವರು ಸುತ್ತು ಹಾಕಿ ಕೂತರು. ಅದು ಹಿಂದಿನಿಂದ ಬಂದ ರೂಢಿ. ಹಮಾಲರಿಗೆ ನೆಲವಿರಲಿಲ್ಲ, ಮನೆಯೂ ಇರಲಿಲ್ಲ, ಬಂದರಿನ ಜೋಪಡಿಗಳಲ್ಲಿ ಇರುತ್ತಿದ್ದರು. ಅವರು ಎಂದಿನಂತೆ ಸುತ್ತಿನ ಹೊರಗೆ ನಿಂತರು. ಅವರಿಂದ ಕಾಳು ಎತ್ತುವ ಪ್ರಸಂಗ ಹಿಂದೆ ಬಂದಿರಲಿಲ್ಲ, ಹಾಗಾಗಿ ಅವರು ಎಲ್ಲಿ ನಿಂತಿದ್ದಾರೆ ಎಂದು ಯಾರೂ ಯೋಚಿಸಿರಲಿಲ್ಲ.

ನಡುವೆ ಬೆಳ್ಳಿಯ ಕೊಳಗವನ್ನು ಬೋರಲಿಟ್ಟರು. ನೆಲವುಳ್ಳವರು ಕಾಳು ಕೊಡುವುದು ಎಂದಾಯಿತು. ಅಂಗಡಿಯುಳ್ಳವರು ಹಣ ಕೊಡುವುದು ಎಂದಾಯಿತು. ಹಮಾಲರು ಗೋಡೆ ಏಳುವವರೆಗೆ ಕೂಲಿ ಇಲ್ಲದೆ ಕಲ್ಲು ಹೊರುವುದು ಎಂದಾಯಿತು. ಕೊಳಗ ಮಗುಚುವ ಗೌರವವನ್ನು ಎಲ್ಲರೂ ಸೇರಿ ಬೆಲ್ಲದ ವ್ಯಾಪಾರಿಗೆ ಕೊಟ್ಟರು. ಈ ಹೋರಾಟಕ್ಕೆ ಅವನಷ್ಟು ಕಳೆದುಕೊಂಡವರು ಆ ಸುತ್ತಿನಲ್ಲಿ ಬೇರೆ ಯಾರಿದ್ದರು? ಅವನು ಎದ್ದು ಬಂದು ಎರಡೂ ಕೈಯಿಂದ ಕೊಳಗವನ್ನು ಮಗುಚಿದ. ಬಂದರಿನಲ್ಲಿ ಕೂಗಿದಂತೆಯೇ ಜನ ಹೋ ಎಂದರು.

ಆಗ ಮೇಸ್ತ್ರಿ ಜನರ ನಡುವೆ ದಾರಿ ಬಿಡಿಸಿಕೊಂಡು ಬಂದ. ಸಿಂಬಿ ಕೈಯಲ್ಲಿತ್ತು. ಕೂತವರ ಬೆನ್ನಿನವರೆಗೆ ಬಂದು ನಿಂತ, ಸುತ್ತಿನೊಳಗೆ ಕಾಲಿಡಲಿಲ್ಲ.

“ಧಣಿ, ಕಲ್ಲು ಹೊರುತ್ತೇವೆ. ಹೊರುವುದಿಲ್ಲ ಅನ್ನಲು ಬಂದಿಲ್ಲ. ನಿಮ್ಮ ಪಾಲಿನದ್ದನ್ನು ನೀವು ಮಗುಚಿದಿರಿ, ಕಣ್ಣಾರೆ ನೋಡಿದೆವು, ಸಂತೋಷ. ನಮ್ಮ ಪಾಲಿನ ಕೊಳಗ ಎಲ್ಲಿಟ್ಟಿದ್ದೀರಿ, ತೋರಿಸಿ. ನಾವೇ ಬಂದು ಮಗುಚುತ್ತೇವೆ.”

ವ್ಯಾಪಾರಿಯ ಕೈ ಇನ್ನೂ ಕೊಳಗದ ಅಂಚಿನ ಮೇಲಿತ್ತು. ಅವನು ಕೆಟ್ಟವನಲ್ಲ, ಅದನ್ನು ನೆನಪಿಡು. ಮೇಸ್ತ್ರಿಯ ಕೈ ಹಿಡಿದು ಹೌದು ಎಂದವನು ಅವನೇ, ಆಗ ಹೇಳಿದ್ದು ಸುಳ್ಳೂ ಅಲ್ಲ. ಅವನು ಸುತ್ತಲೂ ನೋಡಿದ. ಗಾಣಿಗ ತನ್ನ ಕಾಲುಗುರು ನೋಡಿಕೊಳ್ಳುತ್ತಿದ್ದ. ಅಂಗಡಿಯವರು ಕಡಲಿನ ಕಡೆ ನೋಡುತ್ತಿದ್ದರು. ಹಡಗುಗಳು ಯಾವ ಗಳಿಗೆಯಲ್ಲಾದರೂ ಕಾಣಿಸಬಹುದಿತ್ತು. ಗೋಡೆಗೆ ಇನ್ನೂ ಒಂದು ಕಲ್ಲೂ ಬಂದಿರಲಿಲ್ಲ. ಒಬ್ಬೊಬ್ಬರ ಮುಂದೆಯೂ ಕೊಳಗ ಇಟ್ಟುಕೊಂಡು ಕೂರಲು ಹೊತ್ತೆಲ್ಲಿದೆ ಎಂದು ಸುತ್ತಿನಲ್ಲಿ ಯಾರೋ ಗೊಣಗಿದರು. ಮೇಸ್ತ್ರಿ ಕಾಯುತ್ತ ನಿಂತಿದ್ದ. ವ್ಯಾಪಾರಿ ಗಂಟಲು ಸರಿಮಾಡಿಕೊಂಡು ಉತ್ತರ ಕೊಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಮರಿದೇವನ ಕೈಯಲ್ಲಿ ಕಾಳು ಹಾಗೇ ಉಳಿಯಿತು. “ಏನಂದ ಬುದ್ಧಿ? ಹೇಳಿ, ಏನಂದ?”

“ಮಹಾಸಭೆಯ ಆ ಒಂದೇ ಸಾಲಿನ ಉತ್ತರವೇ, ಮಗಾ, ಈ ಸಲ ಅದು ಹಡಗಿನಲ್ಲಿ ಬರಬೇಕಾಗಿರಲಿಲ್ಲ.”